ನಿಮ್ಮ ನಿವೇಶನ ಯಾರ ಹೊಲವಾಗಿತ್ತು? ಇಂದಿರಾನಗರದ ನೆಲವನ್ನು ಓದುವ ಕ್ರಮ

ಬೆಂಗಳೂರಿನ ಇಂದಿರಾನಗರಕ್ಕೆ ಮೊದಲ ಸಲ ಬರುವವರ ಕಣ್ಣಿಗೆ ಬೀಳುವುದು ನೂರಡಿ ರಸ್ತೆಯ ಅಂಗಡಿಗಳು, ಡಿಫೆನ್ಸ್ ಕಾಲೊನಿಯ ಮರಗಳ ನೆರಳಿನಲ್ಲಿ ನಿಂತ ಬಂಗಲೆಗಳು ಮತ್ತು 2011ರ ಅಕ್ಟೋಬರಿನಿಂದ ರೈಲು ಓಡುತ್ತಿರುವ ಮೆಟ್ರೊ ಮಾರ್ಗ. ಇದೇ ಬಡಾವಣೆಯ ಅನೇಕ ಕಾಗದಪತ್ರಗಳಲ್ಲಿ ಇಂದಿಗೂ ‘ಎಚ್‌ಎಎಲ್ ಎರಡನೇ ಹಂತ’ ಎಂದೇ ಬರೆದಿರುತ್ತದೆ. ಅದಕ್ಕೂ ಮೊದಲು ಈ ನೆಲ ಬಿನ್ನಮಂಗಲ, ದೂಪನಹಳ್ಳಿ, ಕೋಡಿಹಳ್ಳಿ, ದೊಮ್ಮಲೂರು, ಮೋಟಪ್ಪನಪಾಳ್ಯ, ಅಪ್ಪಾರೆಡ್ಡಿಪಾಳ್ಯ ಮೊದಲಾದ ಊರುಗಳ ಹೊಲ, ಗದ್ದೆ, ತೋಟ ಮತ್ತು ಗೋಮಾಳವಾಗಿತ್ತು. ನಮ್ಮ ಮನೆ ನಿಂತಿರುವ ಜಾಗ ಆ ಊರುಗಳಲ್ಲಿ ಯಾವುದಕ್ಕೆ ಸೇರಿತ್ತು, ಅಲ್ಲಿ ರಾಗಿ ಬೆಳೆಯುತ್ತಿದ್ದರೋ ಭತ್ತವನ್ನೋ, ನೀರು ಎತ್ತಲಿಂದ ಬಂದು ಎತ್ತ ಹೋಗುತ್ತಿತ್ತು ಎಂಬುದನ್ನು ಸಾಮಾನ್ಯ ನಿವಾಸಿಯೊಬ್ಬರು ಸ್ವಂತ ಪ್ರಯತ್ನದಿಂದಲೇ ಕಂಡುಕೊಳ್ಳಲು ಸಾಧ್ಯವಿದೆ. ಅದರ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ. ಊರಿನ ಹೆಸರುಗಳು ಇಂದಿರಾನಗರದವಾದರೂ ಜಯನಗರ, ಕೋರಮಂಗಲ, ಎಚ್‌ಎಸ್‌ಆರ್ ಬಡಾವಣೆಗಳಲ್ಲಿ ಇರುವವರಿಗೂ ಇದೇ ಕ್ರಮ ಉಪಯೋಗಕ್ಕೆ ಬರುತ್ತದೆ.

ನನ್ನ ಮಟ್ಟಿಗೆ ಈ ಹುಡುಕಾಟ ಆರಂಭವಾದದ್ದು ಒಂದು ಸಂಪಿನ ಗುಂಡಿಯಿಂದ. ಮನೆಯ ಮುಂದೆ ನೀರಿನ ಸಂಪಿಗಾಗಿ ಅಗೆಯುವಾಗ ಮೇಲಿನ ನಾಲ್ಕಡಿ ಕೆಂಪು ಮಣ್ಣು ಮುಗಿದು ಜಿಗುಟಾದ ಕಪ್ಪು ಮಣ್ಣು ಬಂತು, ಅದರಲ್ಲಿ ಸಣ್ಣ ಬಸವನಹುಳುಗಳ ಬಿಳಿ ಚಿಪ್ಪುಗಳಿದ್ದವು. ಅಗೆಯುತ್ತಿದ್ದ ಹಿರಿಯ ಕೆಲಸಗಾರರು ಒಂದು ಹಿಡಿ ತೆಗೆದು ಉಜ್ಜಿ ನೋಡಿ, “ಇದು ಗದ್ದೆ ಮಣ್ಣು ಸ್ವಾಮಿ, ಮೇಲಿನದು ಹೊರಗಿಂದ ತಂದು ತುಂಬಿದ್ದು” ಎಂದರು. ಇಪ್ಪತ್ತು ವರ್ಷ ಅದೇ ಮನೆಯಲ್ಲಿದ್ದ ನನಗೆ ಆ ಮಾತು ಹೊಸದಾಗಿತ್ತು. ಆದ್ದರಿಂದ ಮೊದಲ ಸಲಹೆಯೂ ಅದೇ: ನಿಮ್ಮ ಬೀದಿಯಲ್ಲಿ ಯಾರಾದರೂ ಅಡಿಪಾಯ ಅಗೆಯುತ್ತಿದ್ದರೆ ಅನುಮತಿ ಪಡೆದು ಹೋಗಿ ನೋಡಿ, ಮಣ್ಣಿನ ಪದರಗಳ ಫೋಟೊ ತೆಗೆದಿಟ್ಟುಕೊಳ್ಳಿ, ಆಳವನ್ನು ಟೇಪಿನಿಂದ ಅಳೆದು ದಿನಾಂಕದೊಂದಿಗೆ ಬರೆದಿಡಿ. ಕಾಂಕ್ರೀಟು ಬಿದ್ದ ಮೇಲೆ ಆ ಸಾಕ್ಷ್ಯ ಮತ್ತೆ ಸಿಗುವುದಿಲ್ಲ.

ಸರ್ವೆ ನಂಬರು ಮತ್ತು ಗ್ರಾಮದ ಹೆಸರು

ಬಡಾವಣೆಯ ವಿಳಾಸದಲ್ಲಿ ಇರುವುದು ನಿವೇಶನದ ಸಂಖ್ಯೆ, ಅಡ್ಡರಸ್ತೆ ಮತ್ತು ಮುಖ್ಯರಸ್ತೆ. ಹೊಲಕ್ಕೆ ಇದ್ದದ್ದು ಸರ್ವೆ ನಂಬರು. ಒಂದರಿಂದ ಮತ್ತೊಂದಕ್ಕೆ ದಾಟುವುದೇ ಈ ಕೆಲಸದ ಮುಖ್ಯ ಹೆಜ್ಜೆ. ಇದಕ್ಕೆ ಸುಲಭದ ಉಪಾಯವೆಂದರೆ ಕರ್ನಾಟಕ ಸರ್ಕಾರದ ದಿಶಾಂಕ್ ಎಂಬ ಉಚಿತ ಮೊಬೈಲ್ ಆ್ಯಪ್. ಮನೆಯ ಅಂಗಳದಲ್ಲಿ ನಿಂತು ಅದನ್ನು ತೆರೆದರೆ ನೀವು ನಿಂತ ಜಾಗ ಯಾವ ತಾಲ್ಲೂಕು, ಯಾವ ಹೋಬಳಿ, ಯಾವ ಗ್ರಾಮದ ಎಷ್ಟನೆಯ ಸರ್ವೆ ನಂಬರಿನಲ್ಲಿದೆ ಎಂದು ತೋರಿಸುತ್ತದೆ. ಮೊಬೈಲಿನ ಸ್ಥಳ ಸೂಚನೆಯಲ್ಲಿ ಕೆಲವು ಮೀಟರುಗಳ ವ್ಯತ್ಯಾಸ ಸಹಜ, ಹಳೆಯ ನಕ್ಷೆಯನ್ನು ಹೊಸದಕ್ಕೆ ಹೊಂದಿಸುವಾಗಲೂ ಅಷ್ಟಿಷ್ಟು ಸರಿಯುತ್ತದೆ. ಹೀಗಾಗಿ ಮನೆಯ ನಾಲ್ಕೂ ಮೂಲೆಗಳಲ್ಲಿ ನಿಂತು ನೋಡಿ, ಅಕ್ಕಪಕ್ಕದ ಸರ್ವೆ ನಂಬರುಗಳನ್ನೂ ಬರೆದುಕೊಳ್ಳಿ. ನಿಮ್ಮ ಕ್ರಯಪತ್ರದ ಷೆಡ್ಯೂಲಿನಲ್ಲಿ, ವಿಶೇಷವಾಗಿ ಮನೆ ಹಳೆಯ ಊರಿನ ಅಂಚಿನಲ್ಲಿದ್ದರೆ ಅಥವಾ ಗೃಹ ನಿರ್ಮಾಣ ಸಹಕಾರ ಸಂಘದ ಬಡಾವಣೆಯಲ್ಲಿದ್ದರೆ, ಸರ್ವೆ ನಂಬರು ನೇರವಾಗಿಯೇ ನಮೂದಾಗಿರಬಹುದು.

ಗ್ರಾಮದ ಹೆಸರು ಸಿಕ್ಕೊಡನೆ ಹೋಬಳಿ ಮತ್ತು ತಾಲ್ಲೂಕನ್ನು ಅದಕ್ಕೆ ಗಂಟು ಹಾಕಿಯೇ ಬರೆಯುವ ಅಭ್ಯಾಸ ಮಾಡಿಕೊಳ್ಳಿ. ನೆಲಮಂಗಲದ ಬಳಿಯೂ ಒಂದು ಬಿನ್ನಮಂಗಲವಿದೆ, ಅಲ್ಲಿ ಚೋಳರ ಕಾಲದ ಮುಕ್ತಿನಾಥೇಶ್ವರ ದೇವಾಲಯವಿದೆ. ಇಂದಿರಾನಗರದ ಬಿನ್ನಮಂಗಲವನ್ನು ಹುಡುಕುವವರು ಅಲ್ಲಿನ ಶಾಸನವನ್ನು ಇಲ್ಲಿಯದೆಂದು ಭಾವಿಸಿಬಿಡುವ ಅಪಾಯ ನಿಜವಾಗಿಯೂ ಇದೆ.

ಗ್ರಾಮ ನಕ್ಷೆಯನ್ನು ಓದುವುದು

ಸರ್ವೆ ಇಲಾಖೆಯ ಭೂದಾಖಲೆಗಳ ಜಾಲತಾಣದಲ್ಲಿ ಗ್ರಾಮ ನಕ್ಷೆಗಳನ್ನು ಜಿಲ್ಲೆ, ತಾಲ್ಲೂಕು, ಹೋಬಳಿಯ ಮೂಲಕ ಹುಡುಕಿ ಇಳಿಸಿಕೊಳ್ಳಬಹುದು. ಸಿಗದಿದ್ದರೆ ಸರ್ವೆ ಕಚೇರಿಗೆ ಅರ್ಜಿ ಕೊಟ್ಟು ಪ್ರತಿ ಪಡೆಯಬೇಕಾಗುತ್ತದೆ. ಈ ನಕ್ಷೆಗಳ ಸಾಮಾನ್ಯ ಪ್ರಮಾಣ 1:7920, ಅಂದರೆ ಕಾಗದದ ಮೇಲಿನ ಒಂದು ಅಂಗುಲ ನೆಲದ ಮೇಲೆ 660 ಅಡಿ. ಮುದ್ರಿಸುವಾಗ ಅಳತೆ ಕುಗ್ಗದಂತೆ ನೋಡಿಕೊಳ್ಳಿ, ಇಲ್ಲವಾದರೆ ಮುಂದಿನ ಎಲ್ಲ ಲೆಕ್ಕವೂ ತಪ್ಪುತ್ತದೆ.

ನಕ್ಷೆಯನ್ನು ಹರಡಿಕೊಂಡಾಗ ಮೊದಲು ನೋಡಬೇಕಾದದ್ದು ನಿಮ್ಮ ಸರ್ವೆ ನಂಬರನ್ನಲ್ಲ, ನೀರನ್ನು. ಕೆರೆ ಎಲ್ಲಿದೆ, ಏರಿ ಯಾವ ದಿಕ್ಕಿಗಿದೆ, ತೂಬಿನಿಂದ ಹೊರಟ ಕಾಲುವೆ ಯಾವ ನಂಬರುಗಳ ನಡುವೆ ಹಾಯ್ದಿದೆ, ಕೋಡಿ ಹರಿದ ಹಳ್ಳ ಮುಂದೆ ಯಾವ ಊರಿನ ಎಲ್ಲೆ ಸೇರುತ್ತದೆ ಎಂಬುದನ್ನು ನೀಲಿ ಪೆನ್ಸಿಲಿನಿಂದ ಗುರುತಿಸಿ. ಬೆಂಗಳೂರಿನ ಸುತ್ತಲಿನ ಊರುಗಳು ಕಟ್ಟಿಕೊಂಡದ್ದೇ ಕೆರೆಯ ಲೆಕ್ಕದಲ್ಲಿ. ಏರಿಯ ಕೆಳಗಿನ ಅಚ್ಚುಕಟ್ಟಿನಲ್ಲಿ ಭತ್ತದ ಗದ್ದೆ, ಬಾವಿಯ ಸುತ್ತ ತೋಟ, ದಿಣ್ಣೆಯ ಮೇಲೆ ಮಳೆ ನಂಬಿದ ರಾಗಿ ಹೊಲ, ರಾಗಿಯ ನಡುವೆ ಅವರೆ, ಜೋಳ, ಹುಚ್ಚೆಳ್ಳಿನ ಅಕ್ಕಡಿ ಸಾಲು, ಅದಕ್ಕೂ ಮೇಲೆ ದನ ಮೇಯುವ ಗೋಮಾಳ: ನೆಲದ ಏರಿಳಿತ ತಿಳಿದರೆ ಬೆಳೆಯೂ ಬಹುಮಟ್ಟಿಗೆ ತಿಳಿಯುತ್ತದೆ. ದೊಮ್ಮಲೂರು, ಕೋಡಿಹಳ್ಳಿಗಳ ಕಡೆಯ ನೀರು ಚಲ್ಲಘಟ್ಟ ಕಣಿವೆಗೆ ಇಳಿದು ಬೆಳ್ಳಂದೂರು ಕೆರೆ, ಅಲ್ಲಿಂದ ವರ್ತೂರು ಕೆರೆ, ಕೊನೆಗೆ ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಚಲ್ಲಘಟ್ಟ ಕೆರೆಯ ಅಂಗಳ ಈಗ ಗಾಲ್ಫ್ ಮೈದಾನವಾಗಿದೆ. ಮಳೆಗಾಲದಲ್ಲಿ ಯಾವ ಅಡ್ಡರಸ್ತೆಯಲ್ಲಿ ನೀರು ನಿಲ್ಲುತ್ತದೆ, ಯಾವ ಕಟ್ಟಡದ ನೆಲಮಾಳಿಗೆಯಿಂದ ವರ್ಷವಿಡೀ ಪಂಪು ನೀರನ್ನು ಹೊರಹಾಕುತ್ತದೆ ಎಂದು ಪಟ್ಟಿ ಮಾಡಿ ಹಳೆಯ ನಕ್ಷೆಯ ಹಳ್ಳದ ಮೇಲೆ ಇಟ್ಟು ನೋಡಿ. ನನ್ನ ಬೀದಿಯ ಮಟ್ಟಿಗೆ ಎರಡೂ ಗೆರೆಗಳು ಒಂದರ ಮೇಲೊಂದು ಕೂತವು.

ಹೆಸರುಗಳೂ ನೀರಿನ ಸುಳಿವು ಕೊಡುತ್ತವೆ. ತಿಪ್ಪಸಂದ್ರದ ‘ಸಂದ್ರ’ ಎಂಬುದು ‘ಸಮುದ್ರ’ದ ರೂಪ, ಹಿಂದಿನವರು ದೊಡ್ಡ ಕೆರೆಯನ್ನು ಹಾಗೆ ಕರೆದರು. ಕೋಡಿಹಳ್ಳಿ ಎಂಬ ಹೆಸರು ಕೆರೆಯ ಕೋಡಿಯನ್ನು ನೆನಪಿಸುತ್ತದೆ. ಆದರೆ ಹೆಸರೊಂದನ್ನೇ ಹಿಡಿದು ತೀರ್ಮಾನಕ್ಕೆ ಬರಬಾರದು. ನಕ್ಷೆಯಲ್ಲಿ ಅಥವಾ ಹಿರಿಯರ ನೆನಪಿನಲ್ಲಿ ಅದಕ್ಕೆ ಇನ್ನೊಂದು ಆಧಾರ ಸಿಗುವವರೆಗೆ ಅದನ್ನು ಊಹೆಯೆಂದೇ ಬರೆದಿಡಿ.

ಇನ್ನು ಹಳೆಯ ನಕ್ಷೆಯನ್ನು ಇಂದಿನ ರಸ್ತೆಗಳ ಮೇಲೆ ಕೂರಿಸಲು ಬದಲಾಗದ ಗುರುತುಗಳು ಬೇಕು. ಹಳೆಯ ದೇವಾಲಯ, ಊರಿನ ಮನೆಗಳ ಗುಂಪು, ಎಲ್ಲೆ ತೋರಿಸಲು ನೆಟ್ಟ ಬಾಂದುಕಲ್ಲುಗಳಲ್ಲಿ ಉಳಿದಿರುವುದು, ಹಳೇ ಮದ್ರಾಸು ರಸ್ತೆ, 1864ರಲ್ಲಿ ಬೆಂಗಳೂರು ದಂಡಿಗೆ ಬಂದ ರೈಲುಮಾರ್ಗ ಇವೆಲ್ಲ ನಂಬಬಹುದಾದವು. ಕನಿಷ್ಠ ನಾಲ್ಕು ಗುರುತುಗಳು ಹೊಂದಿಕೆಯಾಗುವವರೆಗೆ ತೃಪ್ತರಾಗಬೇಡಿ.

ಎಕರೆ, ಗುಂಟೆ, ಚದರಡಿ

ದಾಖಲೆಗಳಲ್ಲಿ ವಿಸ್ತೀರ್ಣ ಎಕರೆ ಮತ್ತು ಗುಂಟೆಯಲ್ಲಿರುತ್ತದೆ. 33 ಅಡಿ ಉದ್ದ, 33 ಅಡಿ ಅಗಲದ ಚೌಕ ಒಂದು ಗುಂಟೆ, ಅಂದರೆ 1,089 ಚದರಡಿ. ನಲವತ್ತು ಗುಂಟೆಗೆ ಒಂದು ಎಕರೆ, 43,560 ಚದರಡಿ. ಈ ಲೆಕ್ಕದಲ್ಲಿ ಇಂದಿರಾನಗರದ ಒಂದು 40×60 ನಿವೇಶನ ಎರಡು ಗುಂಟೆಗಿಂತ ಸ್ವಲ್ಪ ಹೆಚ್ಚು. 2 ಎಕರೆಯ ಒಂದು ಹೊಲದಲ್ಲಿ, ರಸ್ತೆಗೂ ಉದ್ಯಾನಕ್ಕೂ ಏನೂ ಬಿಡದೆ ಹಂಚಿದರೆ, ಇಂಥ 36 ನಿವೇಶನಗಳಾಗುತ್ತವೆ. ಒಂದು ಕುಟುಂಬ ಉತ್ತು ಬಿತ್ತಿ ಉಂಡ ಭೂಮಿ ಇಂದು ಎಷ್ಟು ಗೇಟುಗಳಾಗಿ ಒಡೆದಿದೆ ಎಂಬುದು ಈ ಚಿಕ್ಕ ಗುಣಾಕಾರದಿಂದಲೇ ಮನಸ್ಸಿಗೆ ಬರುತ್ತದೆ.

ಹೊಲದ ಜಾತಕ

ಸರ್ವೆ ನಂಬರು ಸಿಕ್ಕ ಮೇಲೆ ಅದರ ಆಕಾರ್‌ಬಂದ್ ನೋಡಬೇಕು. ಆ ನಂಬರಿನ ಒಟ್ಟು ವಿಸ್ತೀರ್ಣ, ಅದರಲ್ಲಿ ಸಾಗುವಳಿಗೆ ಯೋಗ್ಯವಾದದ್ದೆಷ್ಟು, ಖರಾಬು ಎಷ್ಟು, ಕಂದಾಯದ ಆಕಾರ ಎಷ್ಟು ಎಂಬುದು ಅಲ್ಲಿರುತ್ತದೆ. ಖುಷ್ಕಿ ಎಂದಿದ್ದರೆ ಮಳೆಯಾಶ್ರಿತ ಹೊಲ, ತರಿ ಎಂದಿದ್ದರೆ ನೀರಾವರಿ ಗದ್ದೆ, ಬಾಗಾಯ್ತು ಎಂದಿದ್ದರೆ ತೋಟ. ಸಂಪಿನ ಗುಂಡಿಯಲ್ಲಿ ಬಂದ ಕಪ್ಪು ಮಣ್ಣಿನ ರಹಸ್ಯ ನನಗೆ ಬಿಡಿಸಿದ್ದು ‘ತರಿ’ ಎಂಬ ಎರಡಕ್ಷರ. ಖರಾಬಿನಲ್ಲೂ ಎರಡು ಬಗೆ. ಬಂಡೆ ಮೊದಲಾದ ಕಾರಣಕ್ಕೆ ಸಾಗುವಳಿಗೆ ಬಾರದ ಜಾಗ ‘ಎ’ ಖರಾಬು, ದಾರಿ, ಹಳ್ಳ, ಕೆರೆ, ಸ್ಮಶಾನದಂತಹ ಸಾರ್ವಜನಿಕ ಬಳಕೆಗೆ ಬಿಟ್ಟದ್ದು ‘ಬಿ’ ಖರಾಬು. ಎರಡನೆಯದನ್ನು ನಕ್ಷೆಯಲ್ಲಿ ಬೇರೆಯೇ ಬಣ್ಣದಲ್ಲಿ ತುಂಬಿ, ಏಕೆಂದರೆ ಊರಿನವರೆಲ್ಲರ ಪಾಲಾಗಿದ್ದ ನೆಲ ಅದು, ಮತ್ತು ಇಂದು ಅದರ ಮೇಲೆ ಏನಿದೆ ಎಂದು ತಿಳಿಯುವ ಹಕ್ಕು ನಮಗೆಲ್ಲರಿಗೂ ಇದೆ.

ಹಳೆಯ ಕೈಬರಹದ ಪಹಣಿಗಳು, ಅಂದರೆ ಜಮೀನಿನ ಹಕ್ಕು ಮತ್ತು ಬೆಳೆಯ ದಾಖಲೆಗಳು, ಸಿಕ್ಕರೆ ಅವುಗಳಲ್ಲಿ ಬೆಳೆಯ ಕಲಮು ಇರುತ್ತದೆ. ಆ ವರ್ಷ ರಾಗಿಯೋ ಹುರುಳಿಯೋ ಎಂಬುದೂ ಕೆಲವೊಮ್ಮೆ ಅಲ್ಲಿ ಬರೆದಿರುತ್ತದೆ. ಭೂಸ್ವಾಧೀನವಾಗಿ ನಿವೇಶನವಾದ ನೆಲಕ್ಕೆ ಇತ್ತೀಚಿನ ಪಹಣಿಯಲ್ಲಿ ಏನನ್ನೂ ನಿರೀಕ್ಷಿಸಬೇಡಿ, ಹಳೆಯದನ್ನು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಿಂದಲೇ ಪಡೆಯಬೇಕು. ಕೆಲವು ನಂಬರುಗಳ ಮುಂದೆ ಇನಾಮು, ಜೋಡಿ, ಮಾನ್ಯ ಎಂಬ ಮಾತು ಕಂಡರೆ ಆ ಭೂಮಿ ದೇವಸ್ಥಾನಕ್ಕೋ ಊರಿನ ಸೇವೆ ಮಾಡುವವರಿಗೋ ಒಬ್ಬ ಇನಾಂದಾರರಿಗೋ ಸೇರಿತ್ತೆಂದು ತಿಳಿಯಿರಿ. ಮೈಸೂರಿನಲ್ಲಿ 1954ರ ಕಾನೂನು ವೈಯಕ್ತಿಕ ಇನಾಮುಗಳನ್ನು ರದ್ದು ಮಾಡಿತು. ಗೇಣಿದಾರರಿಗೆ ಭೂಮಿ ಕೊಡಿಸಿದ ಭೂ ಸುಧಾರಣೆ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಇಂದಿರಾನಗರದ ಭಾಗದಲ್ಲಿ ಬಡಾವಣೆಯ ಕೆಲಸ ನಡೆದದ್ದೂ ಅದೇ 1970ರ ದಶಕದಲ್ಲಿ. ಉಳುವವನೇ ಒಡೆಯನಾದ ಸಂತೋಷವೂ ಉಳುವ ಭೂಮಿಯೇ ಕೈಬಿಟ್ಟ ಸಂಕಟವೂ ಕೆಲವೇ ವರ್ಷಗಳ ಅಂತರದಲ್ಲಿ ಒಂದೇ ಮನೆಗೆ ಬಂದಿರುವ ಸಾಧ್ಯತೆ ಇದೆ. ದಾಖಲೆ ಓದುವಾಗ ಈ ಎರಡು ದಿನಾಂಕಗಳನ್ನು ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ.

ಹೊಲ ನಿವೇಶನವಾದ ಕ್ಷಣ

ಈ ಬದಲಾವಣೆಯ ಅಧಿಕೃತ ಸಾಕ್ಷಿ ರಾಜ್ಯಪತ್ರ. ಬೆಂಗಳೂರಿನಲ್ಲಿ 1945ರಿಂದ ಬಡಾವಣೆಗಳನ್ನು ರಚಿಸುತ್ತಿದ್ದದ್ದು ಸಿಐಟಿಬಿ ಎಂಬ ನಗರಾಭಿವೃದ್ಧಿ ಮಂಡಳಿ. 1976ರಲ್ಲಿ ಅದರ ಸ್ಥಾನಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಬಿಡಿಎ ಬಂತು. ಬಡಾವಣೆಗೆ ಭೂಮಿ ಬೇಕಾದಾಗ ಮೊದಲು ಪ್ರಾಥಮಿಕ ಅಧಿಸೂಚನೆ, ಬಳಿಕ ಅಂತಿಮ ಅಧಿಸೂಚನೆ ಹೊರಡಿಸುವುದು ಪದ್ಧತಿ. ಬಿಡಿಎ ಕಾಯ್ದೆಯಲ್ಲಿ ಇವು ಕ್ರಮವಾಗಿ 17 ಮತ್ತು 19ನೇ ಕಲಮಿನ ಅಡಿ ಬರುತ್ತವೆ. ಅಧಿಸೂಚನೆಯ ಕೋಷ್ಟಕದಲ್ಲಿ ಗ್ರಾಮ, ಸರ್ವೆ ನಂಬರು, ಖಾತೆದಾರರ ಮತ್ತು ಅನುಭವದಾರರ ಹೆಸರು, ಎಕರೆ ಗುಂಟೆಯ ವಿಸ್ತೀರ್ಣ ಇರುತ್ತವೆ, ಹಲವೆಡೆ ನಾಲ್ಕು ದಿಕ್ಕಿನ ಚಕ್ಕುಬಂದಿಯೂ ಸಿಗುತ್ತದೆ. ನಮ್ಮ ರಾಜ್ಯ ‘ಕರ್ನಾಟಕ’ವಾದದ್ದು 1973ರ ನವೆಂಬರ್ 1ರಂದು. ಅದಕ್ಕಿಂತ ಹಿಂದಿನ ಅಧಿಸೂಚನೆಯನ್ನು ಮೈಸೂರು ರಾಜ್ಯಪತ್ರ ಎಂಬ ಹೆಸರಿನಲ್ಲೇ ಹುಡುಕಬೇಕು ಎಂಬ ಸಣ್ಣ ಸಂಗತಿ ತಿಳಿಯದೆ ನಾನು ಎರಡು ಶನಿವಾರ ಕಳೆದುಕೊಂಡೆ. ಹಳೆಯ ಸಂಪುಟಗಳಿಗಾಗಿ ರಾಜ್ಯ ಪತ್ರಾಗಾರ ಮತ್ತು ದೊಡ್ಡ ಗ್ರಂಥಾಲಯಗಳನ್ನು ಕೇಳಿ. ಬಡಾವಣೆಯ ಮೂಲ ನಕ್ಷೆ ಬೇಕಿದ್ದರೆ ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಬಹುದು, ಮೂವತ್ತು ದಿನದೊಳಗೆ ಉತ್ತರ ಕೊಡಬೇಕೆಂಬುದು ನಿಯಮ. ಅರ್ಜಿಯಲ್ಲಿ “ಇಂದಿರಾನಗರದ ಇತಿಹಾಸದ ಮಾಹಿತಿ” ಎಂದು ಕೇಳಿದರೆ ಏನೂ ಬಾರದು. ಗ್ರಾಮ, ಸರ್ವೆ ನಂಬರು, ಬೇಕಾದ ದಾಖಲೆಯ ಹೆಸರು ಮೂರನ್ನೂ ಖಚಿತವಾಗಿ ಬರೆಯಿರಿ.

ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪತ್ರ, ಅಂದರೆ ಆಸ್ತಿಯ ನೋಂದಾಯಿತ ವ್ಯವಹಾರಗಳ ಪಟ್ಟಿ, ಸಿಗುವುದು 2004ರಿಂದೀಚಿನ ವ್ಯವಹಾರಗಳಿಗೆ, ಆದ್ದರಿಂದ ಈ ಹುಡುಕಾಟಕ್ಕೆ ಅದರ ಪ್ರಯೋಜನ ಕಡಿಮೆ.

ಆಕಾಶದಿಂದ ಕಂಡ ಹೊಲಗಳು

ಕಾಗದದಲ್ಲಿ ಕಾಣದ ಮರ, ಬಾವಿ, ಬಂಡಿದಾರಿಗಳನ್ನು ತೋರಿಸುವ ಒಂದು ಅಪೂರ್ವ ಆಕರವಿದೆ. ಅಮೆರಿಕದ ಕರೋನಾ ಗೂಢಚರ್ಯೆ ಉಪಗ್ರಹಗಳು 1960ರಿಂದ 1972ರವರೆಗೆ ತೆಗೆದ ಕಪ್ಪು ಬಿಳುಪು ಚಿತ್ರಗಳನ್ನು 1995ರಲ್ಲಿ ಬಹಿರಂಗಪಡಿಸಲಾಯಿತು. ಅಲ್ಲಿನ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆಯ ಜಾಲತಾಣದಲ್ಲಿ ಅವನ್ನು ಹುಡುಕಬಹುದು. ಆಗಲೇ ಸ್ಕ್ಯಾನ್ ಆಗಿರುವ ಚಿತ್ರಗಳು ಉಚಿತ. ಒಳ್ಳೆಯ ಬೆಳಕಿನಲ್ಲಿ ತೆಗೆದ ಚಿತ್ರ ಸಿಕ್ಕರೆ ಕೆರೆಯ ಏರಿ ಬಿಲ್ಲಿನಂತೆ ಬಾಗಿರುವುದು, ಗದ್ದೆಗಳು ಕಪ್ಪಗೆ, ಖುಷ್ಕಿ ಹೊಲಗಳು ತಿಳಿಯಾಗಿ ಕಾಣುವುದು ಎಲ್ಲವೂ ಸ್ಪಷ್ಟವಾಗುತ್ತದೆ. ಗ್ರಾಮ ನಕ್ಷೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿದಾಗ ಅಲ್ಲಿಯವರೆಗೆ ಬರೀ ಅಂಕಿಯಾಗಿದ್ದ ಸರ್ವೆ ನಂಬರು ಬದುವೂ ಮರವೂ ಇರುವ ಹೊಲವಾಗುತ್ತದೆ. ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಸಂತೋಷ ಕೊಟ್ಟ ಗಳಿಗೆ ಅದು.

ಕಲ್ಲಿನ ಮೇಲಿನ ದಾಖಲೆ

ಸರ್ವೆಗಿಂತ ನೂರಾರು ವರ್ಷ ಹಿಂದಕ್ಕೆ ಹೋಗಲು ಶಾಸನಗಳೇ ದಾರಿ. ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಾಲಯದಲ್ಲಿ ತಮಿಳು ಶಾಸನಗಳಿವೆ. ಅವುಗಳಲ್ಲಿ ಊರಿನ ಹೆಸರು ತೊಂಬಲೂರು, ದೇಶಿಮಾಣಿಕ್ಕಪಟ್ಟಣ ಎಂದು ಬರುತ್ತದೆ. ದಂಪತಿಗಳಿಬ್ಬರು ಜಲಪಳ್ಳಿ ಗ್ರಾಮದ ಮತ್ತು ವಿಣ್ಣಮಂಗಲದ ಕೆರೆಯ ನೆಲವನ್ನು ದೇವರಿಗೆ ಬಿಟ್ಟುಕೊಟ್ಟ ಸಂಗತಿಯನ್ನು ಒಂದು ಶಾಸನ ಹೇಳುತ್ತದೆ. ಆ ವಿಣ್ಣಮಂಗಲದ ಹೆಸರಿನಲ್ಲಿ ನಮ್ಮ ಬಿನ್ನಮಂಗಲದ ದನಿ ಕೇಳಿಸುತ್ತದೆ. ವಿಜಯನಗರದ ಎರಡನೆಯ ದೇವರಾಯನ ಕಾಲದ ದತ್ತಿಯಲ್ಲಿ ತೊಂಬಲೂರಿನ ಸುತ್ತಲಿನ ಭೂಮಿ, ಮನೆ, ಬಾವಿಗಳ ಮಾತು ಬರುತ್ತದೆ. ಬಿ. ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟ, 1905ರಲ್ಲಿ ಪ್ರಕಟವಾದದ್ದು, ಬೆಂಗಳೂರು ಜಿಲ್ಲೆಗೆ ಮೀಸಲು. ಅದರಲ್ಲಿ ನಿಮ್ಮ ಗ್ರಾಮದ ಹೆಸರನ್ನೂ ನೆರೆಯ ಗ್ರಾಮಗಳ ಹೆಸರನ್ನೂ ಹುಡುಕಿ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಉಳಿಸುವ ಕೆಲಸ ಕೈಗೊಂಡಿದೆ. ದೇವಾಲಯಕ್ಕೆ ಹೋದಾಗ ಕಲ್ಲಿನ ಮೇಲೆ ಸುಣ್ಣ, ಹಿಟ್ಟು, ಸೀಮೆಸುಣ್ಣ ಏನನ್ನೂ ಹಚ್ಚಬೇಡಿ, ಸಂಜೆಯ ಓರೆ ಬೆಳಕಿನಲ್ಲಿ ಫೋಟೊ ತೆಗೆದರೆ ಅಕ್ಷರಗಳು ತಾವಾಗಿಯೇ ಎದ್ದು ಕಾಣುತ್ತವೆ.

ಊರೊಳಗೆ ಹೋಗುವುದು

ಬಡಾವಣೆಗೆ ಹೊಲಗಳನ್ನು ತೆಗೆದುಕೊಂಡಾಗ ಗ್ರಾಮಠಾಣ, ಅಂದರೆ ಊರಿನ ಮನೆಗಳಿದ್ದ ಜಾಗ, ಹಾಗೆಯೇ ಉಳಿಯಿತು. ನೇರ ರಸ್ತೆಗಳ ನಡುವೆ ಇದ್ದಕ್ಕಿದ್ದಂತೆ ಗಲ್ಲಿಗಳು ಕಿರಿದಾಗಿ, ತಿರುವುಗಳು ಹೆಚ್ಚಾಗಿ, ಮನೆಗಳು ಗೋಡೆಗೆ ಗೋಡೆ ತಾಗಿ ನಿಂತಿದ್ದರೆ ನೀವು ದೂಪನಹಳ್ಳಿಯನ್ನೋ ಕೋಡಿಹಳ್ಳಿಯನ್ನೋ ಪ್ರವೇಶಿಸಿದಿರಿ ಎಂದರ್ಥ. ಅಶ್ವತ್ಥಕಟ್ಟೆ, ನಾಗರಕಲ್ಲು, ಗ್ರಾಮದೇವತೆಯ ಗುಡಿ, ಊರಬಾಗಿಲಿನ ಆಂಜನೇಯ ಇವುಗಳ ಸ್ಥಾನವನ್ನು ನಕ್ಷೆಯಲ್ಲಿ ಗುರುತಿಸಿ. ಹಲಸೂರಿನ ಸೋಮೇಶ್ವರನ ಜಾತ್ರೆಯ ಸಮಯದಲ್ಲಿ ಸುತ್ತಲಿನ ಹಳೆಯ ಊರುಗಳ ಪಲ್ಲಕ್ಕಿಗಳು ಕೂಡುತ್ತವೆ. ಆ ರಾತ್ರಿ ಯಾವ ಪಲ್ಲಕ್ಕಿ ಯಾವ ಊರಿನದು ಎಂದು ಕೇಳುತ್ತ ನಡೆದರೆ ಬಡಾವಣೆಯ ನಕ್ಷೆಯಲ್ಲಿ ಅಳಿಸಿಹೋದ ಗ್ರಾಮಗಳ ಪಟ್ಟಿ ನಿಮ್ಮ ಕೈಸೇರುತ್ತದೆ.

ಇಲ್ಲಿಂದ ಮುಂದಿನದು ಮನುಷ್ಯರೊಂದಿಗಿನ ಕೆಲಸ, ಇದರಲ್ಲಿ ಅವಸರ ಸಲ್ಲದು. ಹಿರಿಯರ ಮನೆಗೆ ಪರಿಚಿತರೊಬ್ಬರ ಮೂಲಕವೇ ಹೋಗಿ, ಕ್ಯಾಮೆರಾ ಮೊದಲ ಭೇಟಿಯಲ್ಲಿ ಬೇಡ. ನೀವು ಕುಳಿತಿರುವುದು ಭೂಮಿ ಕಳೆದುಕೊಂಡವರ ಎದುರು, ಮತ್ತು ನೀವು ಇರುವುದು ಅದೇ ಭೂಮಿಯ ಮೇಲೆ ಎಂಬುದನ್ನು ಒಂದು ಕ್ಷಣವೂ ಮರೆಯಬಾರದು. ಪರಿಹಾರ ಎಷ್ಟು ಸಿಕ್ಕಿತು ಎಂದು ನಾವಾಗಿ ಕೇಳುವುದು ಸಭ್ಯತೆಯಲ್ಲ, ಅವರಾಗಿ ಹೇಳಿದರೆ ಪೂರ್ತಿ ಕೇಳಿಸಿಕೊಳ್ಳಿ. “ಆಗ ಇಲ್ಲಿ ಹೇಗಿತ್ತು ತಾತ?” ಎಂಬ ಪ್ರಶ್ನೆಗೆ “ಎಲ್ಲ ಹೊಲ ಇತ್ತಪ್ಪ” ಎಂಬುದಕ್ಕಿಂತ ಹೆಚ್ಚಿನ ಉತ್ತರ ಬರುವುದಿಲ್ಲ. “ನಿಮ್ಮ ಕಣ ಎಲ್ಲಿ ಮಾಡುತ್ತಿದ್ದಿರಿ? ಕಪಿಲೆ ಬಾವಿ ಯಾರದಿತ್ತು? ನೀರಗಂಟಿ ಯಾರ ಮನೆಯವರು? ಎಮ್ಮೆಗಳನ್ನು ಎಲ್ಲಿ ತೊಳೆಯುತ್ತಿದ್ದಿರಿ? ಸೊಪ್ಪು, ತರಕಾರಿ ಮಾರಲು ಯಾವ ಮಾರುಕಟ್ಟೆಗೆ ಹೊರುತ್ತಿದ್ದಿರಿ?” ಎಂದು ಕೇಳಿ. ಗದ್ದೆ ನಾಟಿ, ಕಳೆ, ಸೊಪ್ಪಿನ ಮಾತು ಬಂದಾಗ ಒಳಗಿನಿಂದ ಅಜ್ಜಿಯರು ತಾವೇ ಹೊರಬಂದು ಮಾತು ಮುಂದುವರಿಸುವುದನ್ನು ನಾನು ಕಂಡಿದ್ದೇನೆ, ಅವರ ನೆನಪು ಗಂಡಸರದಕ್ಕಿಂತ ನಿಖರವಾಗಿತ್ತು. ಈ ಊರುಗಳ ಹಲವು ಮನೆಗಳಲ್ಲಿ ತೆಲುಗೋ ತಮಿಳೋ ಮನೆಮಾತು. ಆ ಭಾಷೆ ಬಲ್ಲವರನ್ನು ಜೊತೆಗೆ ಕರೆದೊಯ್ಯಿರಿ, ಹೊಲದ ಹೆಸರನ್ನು ಅವರ ಬಾಯಲ್ಲಿ ಬಂದಂತೆಯೇ ಬರೆದುಕೊಳ್ಳಿ.

ಯಾವ ಕಚೇರಿಯ ಕಾಗದದಲ್ಲೂ ಇಲ್ಲದ ವಿಷಯ ಹೊಲದ ಹೆಸರು. ಪಹಣಿಗೆ ಅದು ಅಂಕಿ ಮಾತ್ರ, ಉಳುತ್ತಿದ್ದವರಿಗೆ ಅದು ಬಾವಿ ಹೊಲ, ಹುಣಸೆಮರದ ಹೊಲ, ಮಾರಮ್ಮನ ಮಾನ್ಯ. ನಿಮ್ಮ ನಕ್ಷೆಯನ್ನು ದೊಡ್ಡ ಹಾಳೆಯ ಮೇಲೆ ಮುದ್ರಿಸಿ ಜಗುಲಿಯ ಮೇಲೆ ಹರಡಿ, ಇಂದಿನ ರಸ್ತೆಗಳನ್ನು ತಿಳಿ ಬಣ್ಣದಲ್ಲಿ ತೋರಿಸಿ, ಮತ್ತು ಪೆನ್ಸಿಲನ್ನು ಅವರ ಕೈಗೇ ಕೊಡಿ. ನಾನು ಬಹಳ ಹೆಮ್ಮೆಯಿಂದ ಒಯ್ದಿದ್ದ ನಕ್ಷೆಯಲ್ಲಿ ಒಬ್ಬ ತಾತ ಹಳ್ಳದ ಗೆರೆಯನ್ನು ಎರಡು ಬೆರಳಿನಷ್ಟು ಪಕ್ಕಕ್ಕೆ ಸರಿಸಿ ಬರೆದರು. ಆಮೇಲೆ ಉಪಗ್ರಹ ಚಿತ್ರದೊಂದಿಗೆ ಹೋಲಿಸಿ ನೋಡಿದರೆ ಅವರದೇ ಸರಿಯಿತ್ತು. ಹೇಳಿದವರ ಹೆಸರನ್ನು ಅವರ ಒಪ್ಪಿಗೆಯಿದ್ದರೆ ಮಾತ್ರ ಬರೆಯಿರಿ, ಖಾತೆದಾರರ ಹೆಸರುಗಳಿರುವ ದಾಖಲೆಗಳನ್ನು ಸಾಮಾಜಿಕ ಜಾಲತಾಣಗಳಲ್ಲಿ ಹಾಕಬೇಡಿ, ಏಕೆಂದರೆ ಕೆಲವು ಜಮೀನುಗಳ ವ್ಯಾಜ್ಯ ಇನ್ನೂ ನ್ಯಾಯಾಲಯದಲ್ಲಿರಬಹುದು. ತಿದ್ದಿದ ನಕ್ಷೆಯ ಮೊದಲ ಪ್ರತಿಯನ್ನು ಚೌಕಟ್ಟು ಹಾಕಿಸಿ ಆ ಮನೆಗೇ ಒಯ್ದು ಕೊಡಿ. ಎರಡನೆಯದನ್ನು ಊರಿನ ದೇವಸ್ಥಾನದವರಿಗೆ ಒಪ್ಪಿಸಿ. ಮೂರನೆಯದನ್ನು ನಿಮ್ಮ ಮನೆಯ ಕ್ರಯಪತ್ರದ ಜೊತೆಯಲ್ಲೇ ಇಡಿ, ಮುಂದೆ ಆ ಮನೆಯನ್ನು ಕೊಳ್ಳುವವರ ಕೈಗೆ ಪತ್ರದೊಂದಿಗೆ ಹೊಲದ ಹೆಸರೂ ಸೇರಲಿ.